ಬುತ್ತಿಯೂ ಕೂಲಿಯೊಳಗಿನ ಮಾತೇ

ನಾನು ಏಳನೇತ್ತೆ ಕಲಿತಾವ. ಜತ್ತ ಸೀಮೆಯಾಗ ಒಕ್ಕಲುತನ ಮಾಡಾವ, ರಾತ್ರಿ ಡಪ್ಪು ಹಿಡಿದು ಗೀಗೀ ಪದ ಹಾಡಾವ. ಮೇಳದಾಗ ನಮ್ಮದು ಹರದೇಶಿ, ಅಂದ್ರ ಗಂಡು ಹೆಚ್ಚು ಅಂತ ವಾದ ಮಾಡೋ ಪಕ್ಷ. ಈ ಬರಹದಾಗ ಮಾತ್ರ ನಾಗೇಶಿಯವರ ಕಡೆ ನಿಂತು ವಾದ ಮಾಡತೇನಿ. ಯಾಕಂದ್ರ ಇದು ಬುತ್ತಿಯ ಮಾತು. ಬುತ್ತಿಯೊಳಗ ಹೆಣ್ಣುಮಕ್ಕಳಿಗೆ ಆಗತಿರೋ ಅನ್ಯಾಯ ಯಾರ ವಾದಕ್ಕೂ ನಿಲ್ಲೂದಲ್ಲ.

ಮುಂಜಾನೆ ಏಳರ ಸುಮಾರಿಗೆ ನಮ್ಮ ಕಡೆಯ ಯಾವ ಊರ ಅಗಸಿಯಾಗರೆ ನಿಂತು ನೋಡ್ರಿ. ದ್ರಾಕ್ಷಿ ತೋಟಕ್ಕ, ದಾಳಿಂಬರಿ ತೋಟಕ್ಕ ಹೆಣ್ಣಾಳು ಟೆಂಪೋ ತುಂಬಿ ಹೋಗತಾರ. ಅವರ ಬುತ್ತಿ ಬಿಚ್ಚಿದರ ಎರಡು ಜೋಳದ ರೊಟ್ಟಿ, ಒಂದಿಷ್ಟು ಕೆಂಪುಖಾರ, ಒಂದು ಉಳ್ಳಾಗಡ್ಡಿ. ಅದರ ಮ್ಯಾಲೆ ಸಂಜಿತನಕ ಬಗ್ಗಿ ದುಡಿಯಬೇಕು. ಅವರ ಹಿಂದ ಮೋಟಾರಸೈಕಲ್ ಮ್ಯಾಲೆ ಕಾರಖಾನೆಗೆ ಹೊಂಟ ಹುಡುಗರಿಗೆ ಬುತ್ತಿ ಒಯ್ಯೂದಂದ್ರ ನಾಚಿಕೆ. ಮಧ್ಯಾಹ್ನ ವಡಾಪಾವ, ಸಂಜಿಗೆ ಚಾ-ಬಿಸ್ಕೀಟ. ಆಮ್ಯಾಲೆ ಮೈಯಾಗ ಕಸುವಿಲ್ಲ ಅಂತ ಪ್ಯಾಟಿಯಿಂದ ಪ್ರೋಟೀನ್ ಪುಡಿಯ ಡಬ್ಬಿ ತರತಾರ. ಒಬ್ಬರಿಗೆ ಸಿಗವಲ್ಲದು, ಇನ್ನೊಬ್ಬರಿಗೆ ಬೇಕಾಗಿಲ್ಲ. ಹಾನಿ ಇಬ್ಬರಿಗೂ ಐತಿ.

ಮೊದಲು ಲೆಕ್ಕ ಮಾಡೂಣು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2020ರಲ್ಲಿ ಹೇಳಿದ ಪ್ರಮಾಣ ಹೀಗಿದೆ: 55 ಕಿಲೋ ತೂಕದ ಹೆಣ್ಣುಮಗಳಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು, 65 ಕಿಲೋ ತೂಕದ ಗಂಡಸಿಗೆ 54 ಗ್ರಾಂ. ಜೋಳದ ಹಿಟ್ಟು 100 ಗ್ರಾಂ ತಗೊಂಡರೆ ಅದರಲ್ಲಿ ಸುಮಾರು 10 ಗ್ರಾಂ ಇರುತ್ತದೆ. ಎರಡು ರೊಟ್ಟಿಗೆ ಅಷ್ಟು ಹಿಟ್ಟು ಹಿಡಿದರೆ ಬುತ್ತಿಯೊಳಗೆ 10 ಗ್ರಾಂ ಆಯಿತು. ಖಾರ, ಉಳ್ಳಾಗಡ್ಡಿಯಿಂದ ಬರುವುದು ಲೆಕ್ಕಕ್ಕಿಲ್ಲ. ಅದೇ ಬುತ್ತಿಗೆ 30 ಗ್ರಾಂ ಮಡಿಕಿ ಕಾಳಿನ ಉಸಳಿ ಹಾಕಿದರೆ ಮತ್ತೆ 6-7 ಗ್ರಾಂ. ಶೇಂಗಾದಲ್ಲಿ 100 ಗ್ರಾಮಿಗೆ 25ರ ಹತ್ತಿರ ಇರುತ್ತದೆ, ಅದರ ಹಿಂಡಿ ಎರಡು ಚಮಚೆ ಹಾಕಿದರೆ ಇನ್ನೂ 5. ಒಟ್ಟು 21-22 ಆಯಿತು. ದಿನದ ಅರ್ಧ ಪಾಲು ಬುತ್ತಿಯೊಳಗೇ ಬಂತು.

ಇಷ್ಟೇ ಅಲ್ಲ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಒಂದು ಅಂಶ ಕಡಿಮೆ, ಕಾಳಿನಲ್ಲಿ ಅದು ಹೆಚ್ಚು. ಕಾಳಿನಲ್ಲಿ ಕಡಿಮೆ ಇರುವುದು ಜೋಳದಲ್ಲಿದೆ. ಎರಡೂ ಕೂಡಿದಾಗ ಮೈಗೆ ಹತ್ತುತ್ತದೆ. ಹರದೇಶಿ ಒಬ್ಬನ ಕೈಲೆ ಮೇಳ ಆಗೂದಿಲ್ಲ, ನಾಗೇಶಿನೂ ಬೇಕಲ್ಲ, ಹಂಗ. ರೊಟ್ಟಿ ಬಿಡ್ರಿ ಅಂತ ನಾನು ಹೇಳವಲ್ಲೆ. ನಮ್ಮ ಮಗ್ಗಲ ಮಂಗಳವೇಢೆಯ ಜೋಳಕ್ಕ 2016ರಲ್ಲಿ ಜಿ.ಐ. ಮಾನ್ಯತೆ ಸಿಕ್ಕೇತಿ. ಅಂಥಾ ಜೋಳದ ರೊಟ್ಟಿಗೆ ಬರೇ ಖಾರ ಜೋಡಿ ಮಾಡಬ್ಯಾಡ್ರಿ ಅಂತೇನಿ.

ಇದಕ್ಕ ಮೂರು ಜವಾಬು ಬರತಾವ. ಮೂರೂ ನನಗ ಗೊತ್ತು.

ಮೊದಲನೇದು, ಕಾಳು ತುಟ್ಟಿ, ಬಡವರಿಗೆ ನಿಲುಕೂದಿಲ್ಲ ಅನ್ನೂದು. ಹೊಲ ಇದ್ದಾವ ಈ ಮಾತು ಆಡಬಾರದು. ತೊಗರಿ, ಕಡಲಿ, ಶೇಂಗಾ ನಾವೇ ಬೆಳಿತೇವಿ. ರಾಶಿ ಆದ ವಾರದಾಗ ಒಂದು ಕಾಳು ಉಳಿಸದ ಮಾರತೇವಿ, ಆಮ್ಯಾಲೆ ಅಂಗಡಿಯಾಗ ಪಾವಕಿಲೋ ಬ್ಯಾಳಿಗೆ ಚೌಕಾಸಿ ಮಾಡತೇವಿ. ದಿನಕ್ಕ 30 ಗ್ರಾಂ ಅಂದ್ರ ಒಬ್ಬರಿಗೆ ವರ್ಷಕ್ಕ 11 ಕಿಲೋ. ಐದು ಮಂದಿಯ ಮನಿಗೆ 55 ಕಿಲೋ, ಅರ್ಧ ಕ್ವಿಂಟಲ್ ಚಿಲ್ಲರ. ಅಷ್ಟು ಕಾಳು ಮನ್ಯಾಗ ಇಟ್ಟರ ಯಾವ ಒಕ್ಕಲಿಗನೂ ಮುಳುಗೂದಿಲ್ಲ.

ಹೊಲ ಇಲ್ಲದವರ ಮಾತು ಬ್ಯಾರೆ. 2013ರ ಆಹಾರ ಭದ್ರತಾ ಕಾಯ್ದೆಯಿಂದ ರೇಶನ್ ಅಂಗಡಿಯಾಗ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಬರುತ್ತದೆ. ಆ ಕಾಯ್ದೆಯ 5 ಕಿಲೋದಾಗ ಬ್ಯಾಳಿ ಇಲ್ಲ. ಹಂಗಾದ್ರ ಆ ಹೆಣ್ಣಾಳಿನ ಬುತ್ತಿಗೆ ಕಾಳು ಎಲ್ಲಿಂದ ಬರಬೇಕು? ತೋಟದ ಮಾಲಕರು ಅಂತಾರ, "ಬುತ್ತಿ ಅವರವರ ಮನಿ ವಿಚಾರ, ನಾವು ಪಗಾರ ಕೊಡತೇವಿ, ಮುಗೀತು." ಮಾಲಕರ, ನಿಮ್ಮ ಹೈನದ ಎಮ್ಮಿಗೆ ಹತ್ತಿಕಾಳು, ಶೇಂಗಾ ಹಿಂಡಿ ಒಂದು ದಿನ ತಪ್ಪಸೂದಿಲ್ಲ ನೀವು. ಯಾಕ? ಬರೇ ಕಣಕಿ ತಿಂದರ ಹಾಲು ಇಳಿತೈತಿ ಅಂತ ನಿಮಗ ಗೊತ್ತು. ಎಮ್ಮಿ ವಿಷಯದಾಗ ಇಷ್ಟು ತಿಳಿದವರಿಗೆ ಗೊಂಚಲ ತಿದ್ದೋ ಹೆಣ್ಣುಮಗಳ ವಿಷಯದಾಗ ಯಾಕ ತಿಳಿಯವಲ್ಲದು? ಮಧ್ಯಾಹ್ನ ತೋಟದಾಗ ಒಂದು ದೊಡ್ಡ ಪಾತೇಲಿ ಉಸಳಿ ಕುದಿಸಾಕ ಕೇಳೂದು ಉಪಕಾರ ಅಲ್ಲ, ದುಡಿತದ ಖರ್ಚು. ಔಷಧ ಹೊಡಿಯಾಕ ಆಗೂ ಖರ್ಚಿನ ಮುಂದ ಅದೇನು ದೊಡ್ಡದಲ್ಲ.

ಎರಡನೇ ಜವಾಬು, ಹೊತ್ತು ಸಾಲೂದಿಲ್ಲ ಅನ್ನೂದು. ಯಾರ ಹೊತ್ತು? ನಾಕಕ್ಕ ಎದ್ದು ಕಸ ಹೊಡೆದು, ನೀರು ತಂದು, ರೊಟ್ಟಿ ಬಡಿಯಾಕಿಗೆ ಹೊತ್ತಿಲ್ಲ, ಖರೇ. ಆದರ ರಾತ್ರಿ ಕಟ್ಟಿ ಮ್ಯಾಲೆ ಮೊಬೈಲ್ ನೋಡಕೋತ ಕುಂತ ಗಂಡಸಿಗೆ ಒಂದು ಬೋಗಾಣಿಯಾಗ ಕಾಳು ನೆನೆ ಇಡಾಕ ಎಷ್ಟು ಹೊತ್ತು ಬೇಕು? ಒಂದು ದಿನ ನೆನೆ ಇಟ್ಟು, ಅರಿವಿಯಾಗ ಕಟ್ಟಿದರ ಮರುದಿನ ಮೊಳಕೆ ಬರತಾವ. ಒಗ್ಗರಣಿ ಕೊಡೂದಷ್ಟೇ ಉಳಿದ ಕೆಲಸ.

ದಿನಾ ಅದೇ ಅಂತ ಬ್ಯಾಸರನೂ ಬ್ಯಾಡ. ನಮ್ಮ ಮನಿಗಳಾಗ ಇರೋ ಅಡಿಗಿ ವಾರ ತುಂಬಿಸತೈತಿ. ಸೋಮವಾರ ಮಡಿಕಿ ಉಸಳಿ, ಮಂಗಳವಾರ ಕಡಲಿ ಹಿಟ್ಟಿನ ಝುಣಕ, ಬುಧವಾರ ತೊಗರಿ ಬ್ಯಾಳಿ ಹಾಕಿದ ಪುಂಡಿಪಲ್ಯ, ಗುರುವಾರ ಹೆಸರು ಕಾಳು, ಶುಕ್ರವಾರ ಅಲಸಂದಿ, ಶನಿವಾರ ಹುರಳಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಪಾಳಿಯ ಮ್ಯಾಲೆ ಬರಲಿ. ಬ್ಯಾಸಿಗಿಯಾಗ ರಸದ ಪಲ್ಯ ಮಧ್ಯಾಹ್ನಕ್ಕ ಹುಳಿ ವಾಸನಿ ಬರತೈತಿ, ಅದಕ್ಕ ಉಸಳಿ ಒಣಾ ಮಾಡ್ರಿ, ಝುಣಕ ಗಟ್ಟಿ ಮಾಡಿ ವಡಿ ಕೊಯ್ಯಿರಿ. ಬಿಸಿ ಇರತನ ಮುಚ್ಚಳಿ ಹಾಕಬ್ಯಾಡ್ರಿ. ತತ್ತಿ ತಿನ್ನೋರು ಕುದಿಸಿ ಸಿಪ್ಪಿ ಸುಲಿಯದ ಒಯ್ಯಿರಿ, ಒಂದು ತತ್ತಿಯೊಳಗ 6 ಗ್ರಾಂ ಪ್ರೋಟೀನ್ ಐತಿ. ತಿನ್ನದವರು ಬಿಡ್ರಿ, ಆದರ ತಿನ್ನೋರ ಡಬ್ಬಾ ನೋಡಿ ಮೂಗು ಮುರಿಬ್ಯಾಡ್ರಿ.

ಮೂರನೇದು ನಮ್ಮ ಹುಡುಗರ ಜವಾಬು: "ಕಾಕಾ, ಈಗ ಎಲ್ಲಾ ಡಬ್ಬಿಯಾಗ ಬರತೈತಿ." ತಮ್ಮಾ, ಡಬ್ಬಿಯ ಮ್ಯಾಲೆ ಇರೋ ಪೈಲವಾನನ ಚಿತ್ರ ನೋಡಿ ರೊಕ್ಕ ಕೊಟ್ಟಿ. ಕಿಸೆದಾಗ ಒಂದು ಮುಷ್ಟಿ ಪುಠಾಣಿ, ಒಂದು ಮುಷ್ಟಿ ಹುರಿದ ಶೇಂಗಾ, ಒಂದು ಚೂರು ಬೆಲ್ಲ ಇಟ್ಟಕೊಂಡರ ನಿನ್ನಂಥಾ ದುಡಿಯೋ ಹುಡುಗಗ ಆ ಪುಡಿ ಯಾಕ ಬೇಕು? ನಿಮ್ಮಪ್ಪ ಬೆಳೆದ ಕಡಲಿ ಅಗ್ಗಕ್ಕ ಮಾರಿ, ಆ ರೊಕ್ಕದಲೆ ನೀ ತುಟ್ಟಿ ಡಬ್ಬಿ ತರತಿ.

ಈಗ ನನ್ನ ಮುಖ್ಯ ಮಾತು. ಕಾಳು ಮನ್ಯಾಗ ಇದ್ದರೂ ಎಲ್ಲರ ಬುತ್ತಿಗೆ ಹೋಗೂದಿಲ್ಲ. ಉಸಳಿ ಗಂಡನ ಡಬ್ಬಾಕ್ಕ, ಕೆನಿಮೊಸರು ಮಗನ ಡಬ್ಬಾಕ್ಕ, ತಳದಾಗ ಉಳಿದರ ಸೊಸಿಗೆ. ಉಳಿಯೂದಿಲ್ಲ. ಎಳ್ಳ ಅಮವಾಸಿಗೆ ನಾವು ಬುಟ್ಟಿ ತುಂಬ ಸಜ್ಜಿ ರೊಟ್ಟಿ, ಶೇಂಗಾ ಹೋಳಗಿ, ಕಡಬು, ಬಜ್ಜಿ ಹೊತ್ತು ಹೊಲಕ್ಕ ಹೋಗಿ ಚರಗ ಚೆಲ್ಲತೇವಿ. ಭೂಮ್ತಾಯಿ ಬಸರಿ, ಆಕಿ ಬಯಕಿ ತೀರಸಬೇಕು ಅಂತೇವಿ. ಒಳ್ಳೇ ಪದ್ಧತಿ. ಆದರ ಅದೇ ಹೊಲದಾಗ ಕಳೆ ತೆಗಿಯೋ ಬಸುರಿ ಹೆಣ್ಣುಮಗಳ ಗಂಟಿನ್ಯಾಗ ಬರೇ ಖಾರ ಇದ್ದರ ಚರಗ ಚೆಲ್ಲಿದ ಕೈಗೆ ಏನು ಅರ್ಥ ಉಳೀತು?

ಮಾಸ್ತರರೇ, ಅಕ್ಕೋರೇ, ನಿಮಗೂ ಒಂದು ಮಾತು. ಸಾಳಿಯ ಬಿಸಿಯೂಟದಾಗ ಐದನೇತ್ತೆವರೆಗಿನ ಮಗುವಿಗೆ ದಿನಕ್ಕ 20 ಗ್ರಾಂ ಬೇಳೆಕಾಳು, ಆರರಿಂದ ಎಂಟನೇತ್ತೆವರಿಗೆ 30 ಗ್ರಾಂ ಅಂತ ನಿಯಮ ಇದೆ. ಆ ಮಗುವಿನ ತಾಯಿಯ ಬುತ್ತಿಗೆ ಯಾವ ನಿಯಮವೂ ಇಲ್ಲ. ಈ ಲೆಕ್ಕವನ್ನೇ ಗಣಿತದ ತಾಸಿನಲ್ಲಿ ಮಕ್ಕಳಿಗೆ ಕೊಡಿರಿ: ನಿನ್ನ ಅವ್ವನ ಬುತ್ತಿಯೊಳಗೆ ಇವತ್ತು ಎಷ್ಟು ಗ್ರಾಂ ಪ್ರೋಟೀನ್ ಇತ್ತು? ಉತ್ತರ ಪಾಟಿಯ ಮ್ಯಾಲೆ ಬರೆದುಕೊಂಡು ಮನೆಗೆ ಒಯ್ಯಲಿ, ಅಪ್ಪನ ಮುಂದೆ ಓದಲಿ.

ಊರ ಹಿರಿಯರಿಗೆ ನನ್ನ ಬೇಡಿಕೆ ಎರಡೇ. ಈ ಸಾರಿ ರಾಶಿ ಆದ ಕೂಡಲೇ ಮಾರೋದಕ್ಕಿಂತ ಮೊದಲು ಮನಿ ಮಂದಿ ಎಣಿಸಿ ಕಾಳು ತೆಗೆದಿಡ್ರಿ. ತೋಟದಾಗ ಕೂಲಿ ಮಾತಾಡುವಾಗ ಮಧ್ಯಾಹ್ನದ ಉಸಳಿಯ ಮಾತೂ ಅದರೊಳಗೇ ಮುಗಿಸ್ರಿ. ಇದಕ್ಕ ಎದುರು ವಾದ ಇದ್ದವರು ಬರ್ರಿ, ಡಪ್ಪು ತಗೊಂಡು ಬಂದರೂ ಸೈ. ಬರುವಾಗ ಮಾತ್ರ ನಿಮ್ಮ ಮನಿ ಹೆಣ್ಣುಮಕ್ಕಳ ಬುತ್ತಿ ಬಿಚ್ಚಿ ನೋಡಿಕೊಂಡು ಬರ್ರಿ.