ಜಾಗ ನೋಡಲು ಎರಡು ಸಲ ಬನ್ನಿ
ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ ಹಿನ್ನೀರು ದಾಟಿ ಸಿಗಂದೂರಿಗೆ ಹೋಗಲು ಲಾಂಚ್ ಕಾಯಬೇಕಿಲ್ಲ. ದೇವಿಯ ದರ್ಶನಕ್ಕೆ ಬಂದವರು ಈಗ ತುಮರಿ ಸುತ್ತ, ಸಾಗರದ ಹೊರವಲಯದಲ್ಲಿ ಮನೆ-ಜಾಗವನ್ನೂ ವಿಚಾರಿಸುತ್ತಾರೆ. ಜನವರಿಯ ಎಳೆಬಿಸಿಲಲ್ಲಿ ನೋಡಿ ಅಡ್ವಾನ್ಸ್ ಕೊಟ್ಟುಬಿಡುವುದೇ ದೊಡ್ಡ ತಪ್ಪು. ಮಲೆನಾಡಿನ ಮನೆಯನ್ನು ಆಷಾಢದ ಜಡಿಮಳೆಯಲ್ಲೊಮ್ಮೆ, ಏಪ್ರಿಲ್ ಕೊನೆಯಲ್ಲೊಮ್ಮೆ ನೋಡಬೇಕು. ಗೋಡೆಗೆ ಮೊಣಕಾಲೆತ್ತರ ಹಬ್ಬಿದ ಪಾಚಿ, ಹಿತ್ತಿಲ ಧರೆಯಿಂದ ಒಸರುವ ಕೆಂಪು ನೀರು ಮಳೆಯಲ್ಲಿ ಮಾತ್ರ ಕಾಣುತ್ತವೆ. ಬಾವಿಯ ತಳ ಕಾಣುವುದು ಬೇಸಿಗೆಯಲ್ಲಿ. ಕರೆಂಟು ಹೋದರೆ ಎಷ್ಟು ದಿನಕ್ಕೆ ಬರುತ್ತದೆಂಬುದನ್ನು ಪಕ್ಕದ ಮನೆಯ ಅಮ್ಮನನ್ನೇ ಕೇಳಬೇಕು, ದಲ್ಲಾಳಿಯನ್ನಲ್ಲ. ಇನ್ನು ಕಾಗದ. ತೋಟದ ಹಿಂದಿನ ಗುಡ್ಡ ತೋರಿಸಿ ‘ಇದೂ ಸೇರುತ್ತೆ’ ಎಂದರೆ ಅಲ್ಲೇ ನಿಲ್ಲಬೇಕು: ಅದು ಸೊಪ್ಪಿನಬೆಟ್ಟವಾಗಿದ್ದರೆ ಅಲ್ಲಿ ತೋಟಕ್ಕೆ ಸೊಪ್ಪು, ದರಗು ತರುವ ಸವಲತ್ತಿದೆ, ಮನೆ ಕಟ್ಟುವ ಹಕ್ಕಿಲ್ಲ. ಪಹಣಿಯಲ್ಲಿ ಹಕ್ಕು-ಋಣ ಬರೆದಿರುವ 11ನೇ ಕಾಲಂ, ಪೋಡಿ ನಕ್ಷೆ, ಭೂಪರಿವರ್ತನೆ ಆದೇಶ ಮೂರನ್ನೂ ಕೈಯಲ್ಲಿ ಹಿಡಿದು ಓದಬೇಕು. ಕಾಗದದ ಬೆಲೆ ಈ ನೆಲಕ್ಕೆ ಗೊತ್ತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟವರಲ್ಲಿ ಎಷ್ಟೋ ಕುಟುಂಬಗಳು ಆರು ದಶಕ ಬದುಕಿ ಬಾಳಿದ ಜಾಗ ದಾಖಲೆಯಲ್ಲಿ ಇನ್ನೂ ಅರಣ್ಯವೇ.