ಕಡಲ ತೀರದ ಕೊನೆಯ ದಿನ

ಮಕ್ಕಳೇ, ಡಿಸೆಂಬರ್ ರಜೆ ಹತ್ತಿರ ಬಂತು. ನಿಮ್ಮಲ್ಲಿ ಕೆಲವರಾದರೂ ಈ ಸಲ ಮಲ್ಪೆಗೋ ಗೋಕರ್ಣಕ್ಕೋ ಕಾರವಾರಕ್ಕೋ ಹೊರಟಿರುತ್ತೀರಿ. ಕಡಲ ತೀರದಲ್ಲಿ ಮೊದಲ ದಿನ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸಿಳಿದವರೇ ನೀರಿಗೆ ಓಡುತ್ತೀರಿ. ನಾನು ಹೇಳಹೊರಟಿರುವುದು ಕೊನೆಯ ದಿನದ ಬಗ್ಗೆ.

ಹೆಚ್ಚಿನ ಮನೆಗಳಲ್ಲಿ ಆ ದಿನ ಹೀಗೆ ಕಳೆಯುತ್ತದೆ. ಬೆಳಗ್ಗೆಯಿಂದ ಅಮ್ಮ ಚೀಲ ತುಂಬುತ್ತಿರುತ್ತಾರೆ, ಅಪ್ಪ ಗಡಿಯಾರ ನೋಡುತ್ತಿರುತ್ತಾರೆ. ಅಷ್ಟರಲ್ಲಿ ಒಬ್ಬರಿಗೆ ಕಾಪು ದೀಪಸ್ತಂಭ ನೋಡಿಲ್ಲವೆಂದು ನೆನಪಾಗುತ್ತದೆ, ಇನ್ನೊಬ್ಬರಿಗೆ ಉಡುಪಿಯ ರಥಬೀದಿಯಲ್ಲಿ ಏನೋ ಕೊಳ್ಳಬೇಕು. ಆಟೋ ಹತ್ತಿ ಇಳಿದು, ಹತ್ತಿ ಇಳಿದು, ಸಂಜೆಗೆ ಎಲ್ಲರಿಗೂ ತಲೆನೋವು. ಕಡಲು ಬಸ್ಸಿನ ಕಿಟಕಿಯಲ್ಲಿ ಒಂದು ಗೆರೆಯಷ್ಟು ಕಂಡರೆ ಅದೇ ಭಾಗ್ಯ.

ನನ್ನ ಮಾತು ಕೇಳುವುದಾದರೆ, ಕೊನೆಯ ದಿನಕ್ಕೆ ಹೊಸ ಜಾಗ ಬೇಡ. ಒಂದೇ ದಂಡೆ ಸಾಕು. ಅಲ್ಲಿ ಕಡಲು ಒಮ್ಮೆ ಹಿಂದೆ ಸರಿದು ಮತ್ತೆ ಮೇಲೆ ಬರುವುದನ್ನು ಪೂರ್ತಿ ನೋಡಿ ಬನ್ನಿ. ಕಳೆದ ವರ್ಷ ನಾವು ಮಲ್ಪೆಯಲ್ಲಿ ಮೂರು ದಿನ ಇದ್ದೆವು. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ.

ಮಲ್ಪೆಗೆ ಹೋದವರು ಸೇಂಟ್ ಮೇರಿಸ್ ದ್ವೀಪ ನೋಡದೆ ಬರಬಾರದು. ಪೆನ್ಸಿಲುಗಳನ್ನು ಕಟ್ಟಿ ನಿಲ್ಲಿಸಿದಂತೆ ಕಾಣುವ ಅಲ್ಲಿನ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಲಾವಾ ತಣ್ಣಗಾಗಿ ಆದವು. ಆದರೆ ಆ ದ್ವೀಪವನ್ನು ಮೊದಲ ದಿನವೇ ಮುಗಿಸಿಬಿಡಿ. ಗಾಳಿ ಜೋರಾದರೆ ದೋಣಿ ಬಿಡುವುದಿಲ್ಲ. ಮೊದಲ ದಿನ ಬಿಡದಿದ್ದರೆ ನಾಳೆ ಇದೆ, ಕೊನೆಯ ದಿನ ಬಿಡದಿದ್ದರೆ ಅಳು ಮಾತ್ರ.

ಇನ್ನು ಲೆಕ್ಕಕ್ಕೆ ಬರೋಣ. ಇದು ಮಕ್ಕಳ ಕೆಲಸ. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರುವುದು ಭರತ, ಇಳಿಯುವುದು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು. ನೀರನ್ನು ಎಳೆಯುವವರಲ್ಲಿ ಚಂದ್ರನೇ ಮುಖ್ಯ. ಭೂಮಿ ಒಂದು ಸುತ್ತು ತಿರುಗಿ ಬರುವಷ್ಟರಲ್ಲಿ ಅವನು ಒಂದಿಷ್ಟು ಮುಂದೆ ಹೋಗಿರುತ್ತಾನೆ. ಹಾಗಾಗಿ ಇವತ್ತಿನ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಆಗುತ್ತದೆ. ಮೊದಲ ದಿನ ನೀರು ತೀರಾ ಕೆಳಗಿದ್ದದ್ದು ಬೆಳಗ್ಗೆ 7 ಗಂಟೆಗೆ ಎಂದಿಟ್ಟುಕೊಳ್ಳಿ. ಎರಡನೆಯ ದಿನ 7.50ರ ಸುಮಾರಿಗೆ, ಮೂರನೆಯ ದಿನ 8.40ರ ಸುಮಾರಿಗೆ. ಅಂದರೆ ಕೊನೆಯ ದಿನ ತಿಂಡಿ ತಿಂದು ದಂಡೆಗೆ ಬಂದರೆ ಸರಿಹೋಯಿತು! ನಿಮ್ಮ ಸಮಯ ಬೇರೆ ಇರುತ್ತದೆ, ಆದರೆ ಲೆಕ್ಕ ಇದೇ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ಇಳಿತವೇ ಏಕೆ ಬೇಕು? ಹಿರಿಯರೇ, ಇದು ನಿಮ್ಮ ಮಂಡಿಯ ವಿಷಯ. ಒಣ ಮರಳಿನಲ್ಲಿ ಕಾಲು ಹೂತುಹೋಗುತ್ತದೆ. ಹತ್ತು ಹೆಜ್ಜೆಗೆ ಏದುಸಿರು ಬರುತ್ತದೆ. ನೀರು ಆಗತಾನೇ ಬಿಟ್ಟುಹೋದ ಮರಳು ಹಾಗಲ್ಲ. ಕಣಗಳ ನಡುವೆ ಉಳಿದ ನೀರು ಅವನ್ನು ಒಂದಕ್ಕೊಂದು ಹಿಡಿದಿಟ್ಟಿರುತ್ತದೆ. ಸಾರಿಸಿದ ಅಂಗಳದ ಹಾಗೆ ಗಟ್ಟಿ.

ನನ್ನ ಅಕ್ಕನಿಗೆ 78. ಹಿರಿಯೂರಿನ ಕಡೆಯವಳು. ಕಡಲು ನೋಡಿದ್ದು ಅದೇ ಮೊದಲು. ಎರಡು ದಿನವೂ ಅವಳು ಅಂಗಡಿಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕರೆದರೆ, “ನನ್ನ ಮಂಡಿ ಈ ಮರಳಿಗೆ ಆಗಾಕಿಲ್ಲ, ಇಲ್ಲಿಂದ್ಲೇ ಕಾಣ್ತೈತೆ ಬಿಡ್ರಿ” ಎನ್ನುವಳು. ಮೂರನೆಯ ದಿನ ಬೆಳಗ್ಗೆ ನನ್ನ ಮೊಮ್ಮಗಳು ನೋಟ್‌ಬುಕ್ ಹಿಡಿದು ಹೋಗಿ, “ದೊಡ್ಡಜ್ಜಿ, ಈಗ ಮರಳು ಗಟ್ಟಿ ಇರ್ತದೆ, ಬನ್ನಿ. ಮಧ್ಯಾಹ್ನ ಆದರೆ ನೀರು ಬಂದುಬಿಡ್ತದೆ” ಎಂದಳು. ಒಣ ಮರಳು ದಾಟುವುದೇ ಕಷ್ಟ. ಅಳಿಯ ಪ್ಲಾಸ್ಟಿಕ್ ಕುರ್ಚಿಯನ್ನು ಜೊತೆಗೇ ಹೊತ್ತು ತಂದ. ಇಪ್ಪತ್ತು ಹೆಜ್ಜೆ ನಡೆಯುವುದು, ಕೂರುವುದು. ಮೂರು ಸಲ ಕೂತ ಮೇಲೆ ಗಟ್ಟಿ ನೆಲ ಸಿಕ್ಕಿತು.

ಕಾಲಿಗೆ ಮೊದಲ ನೀರು ತಾಗಿ ಹಿಂದೆ ಸರಿಯುವಾಗ ಹಿಮ್ಮಡಿಯಡಿಯ ಮರಳು ಜಾರುತ್ತದಲ್ಲ, ಆಗ ಅಕ್ಕ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು, “ಇದೇನೆ ಇದು, ಕಾಲಡಿ ನೆಲಾನೇ ಎಳ್ಕೊಂಡು ಹೋಗ್ತೈತೆ!” ಎಂದು ಕೂಗಿ ನಕ್ಕಳು. ಭಾವ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಅರ್ಧ ಗಂಟೆ ನಡೆದಳು. ಕುರ್ಚಿ ಕೇಳಲಿಲ್ಲ. (ಹಿರಿಯರೇ, ನೀರು ಸರಿಯುವಾಗ ಕಣ್ಣು ಕತ್ತಲೆ ಬಂದಂತಾಗುವುದುಂಟು. ಯಾರಾದರೊಬ್ಬರ ಕೈ ಹಿಡಿದೇ ನಿಲ್ಲಿ.)

ಇಳಿತದ ಮರಳಿನ ಮೇಲೆ ನೋಡುವುದಕ್ಕೆ ಬೇಕಾದಷ್ಟಿದೆ. ಕೆಲವು ಕಡೆ ಸಾಸಿವೆಗಿಂತ ದೊಡ್ಡದಾದ ಮರಳಿನ ಉಂಡೆಗಳು ಒಂದು ಬಿಲದ ಸುತ್ತ ರಂಗೋಲಿಯಂತೆ ಹರಡಿರುತ್ತವೆ. ಅದು ಬೆರಳ ತುದಿಯಷ್ಟಿರುವ ಏಡಿಗಳ ಕೆಲಸ. ಮರಳನ್ನು ಬಾಯಿಗೆ ಹಾಕಿಕೊಂಡು, ಅದರಲ್ಲಿನ ಸೂಕ್ಷ್ಮ ಜೀವಿಗಳನ್ನು ತಿಂದು, ಉಳಿದದ್ದನ್ನು ಉಂಡೆ ಮಾಡಿ ಎಸೆಯುತ್ತವೆ. ಭರತ ಬಂದಾಗ ಎಲ್ಲವೂ ಅಳಿಸಿಹೋಗುತ್ತದೆ, ಮುಂದಿನ ಇಳಿತಕ್ಕೆ ಮತ್ತೆ ಹೊಸದು. ಏಡಿ ಕಾಣಬೇಕಾದರೆ ಅಲುಗಾಡದೆ ಐದು ನಿಮಿಷ ಕೂರಬೇಕು. ಇದು ಅಜ್ಜಂದಿರಿಗೆ ಚೆನ್ನಾಗಿ ಬರುತ್ತದೆ, ಮೊಮ್ಮಕ್ಕಳು ಕಲಿಯಬೇಕು.

ಚಿಪ್ಪು ಹೆಕ್ಕುವವರು ಒಂದು ಆಟ ಆಡಿ. ಡ್ರಿಲ್ ಮಾಡಿದಂತೆ ದುಂಡಗಿನ ಸಣ್ಣ ತೂತಿರುವ ಚಿಪ್ಪು ಹುಡುಕಿ. ಅದನ್ನು ಕೊರೆದದ್ದು ಯಾವ ಅಂಗಡಿಯವನೂ ಅಲ್ಲ, ಇನ್ನೊಂದು ಬಸವನಹುಳು. ತೂತು ಮಾಡಿ ಒಳಗಿನ ಮಾಂಸ ತಿಂದು ಹೋಗಿರುತ್ತದೆ. ಸುರುಳಿ ಶಂಖ ಸಿಕ್ಕಿದರೆ ಮಾತ್ರ ಅಂಗೈ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕಾಯಿರಿ. ಸನ್ಯಾಸಿ ಏಡಿಗೆ ಹೊಟ್ಟೆಯ ಭಾಗ ಮೆತ್ತಗೆ, ಅದಕ್ಕೆ ಖಾಲಿ ಶಂಖವೇ ಮನೆ. ಕಾಲು ಹೊರಗೆ ಬಂದರೆ ಕೆಳಗಿಟ್ಟುಬಿಡಿ. ಖಾಲಿಯಿದ್ದರೂ ದೊಡ್ಡ ಶಂಖಗಳನ್ನು ಅಲ್ಲೇ ಬಿಡುವುದು ಒಳ್ಳೆಯದು, ಬೆಳೆಯುವ ಏಡಿಗೆ ದೊಡ್ಡ ಮನೆ ಬೇಕಲ್ಲ. ಸತ್ತು ಬಿದ್ದಿರುವ ಲೋಳೆಮೀನನ್ನು ಮುಟ್ಟಬೇಡಿ. ಸತ್ತ ಮೇಲೂ ಅದು ಕುಟುಕಬಲ್ಲದು.

ಈಗ ಒಂದು ಗಂಭೀರ ಮಾತು. ಕೊನೆಯ ದಿನದ ಅಪಾಯವೆಂದರೆ “ಇನ್ನೊಂದೇ ಸಲ” ಎನ್ನುವ ಆಸೆ. ಎರಡು ದಿನ ಆಡಿದ ಧೈರ್ಯದಲ್ಲಿ ಮಕ್ಕಳು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಾರೆ, ದೊಡ್ಡವರ ಗಮನ ಚೀಲದ ಮೇಲಿರುತ್ತದೆ. ದಡಕ್ಕೆ ಬಂದ ನೀರೆಲ್ಲ ಹಿಂದಕ್ಕೆ ಹೋಗಲೇಬೇಕು. ಕೆಲವು ಕಡೆ ಅದು ಸಣ್ಣ ಹೊಳೆಯಂತೆ ಸೇರಿಕೊಂಡು ರಭಸದಿಂದ ಒಳಕ್ಕೆ ಹರಿಯುತ್ತದೆ. ಮೋಸವೆಂದರೆ ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೋಡಲು ಶಾಂತ. ಸಿಕ್ಕಿಕೊಂಡರೆ ನೇರ ದಡದ ಕಡೆ ಈಜಿ ಸುಸ್ತಾಗಬಾರದು. ತೇಲುತ್ತಾ ಕೈ ಎತ್ತಿ ಕೂಗಬೇಕು, ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯುವುದೇ ಬೇಡ. ಮಕ್ಕಳು ನೀರಿನಲ್ಲಿರುವಾಗ ಒಬ್ಬ ದೊಡ್ಡವರು ಮೊಬೈಲು ಮುಟ್ಟದೆ ಅವರನ್ನೇ ನೋಡುತ್ತಿರಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಚೀಲವನ್ನು ಹಿಂದಿನ ರಾತ್ರಿಯೇ ತುಂಬಿಡಿ. ಒಂದು ಜೊತೆ ಒಣ ಬಟ್ಟೆ, ಟವೆಲ್ಲು, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಒಂದು ಡಬ್ಬಿ ಪೌಡರ್ ಮೇಲಿರಲಿ. ಕಾಲಿಗೆ ಅಂಟಿದ ಮರಳಿಗೆ ಪೌಡರ್ ಹಾಕಿ ಉಜ್ಜಿದರೆ ತಾನೇ ಉದುರುತ್ತದೆ. ರೂಮು ಬಿಟ್ಟ ಮೇಲೆ ಸಾಮಾನು ಇಡಲು, ಸಂಜೆ ಒಂದು ಬಕೆಟ್ ಸಿಹಿನೀರಿನಲ್ಲಿ ಮೈ ತೊಳೆಯಲು ಲಾಡ್ಜಿನವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕೇಳಿದರೆ ಎಷ್ಟೋ ಕಡೆ ಒಪ್ಪುತ್ತಾರೆ. ಊರಿಗೆ ಒಯ್ಯಲು ಮಟ್ಟುಗುಳ್ಳ ಸಿಕ್ಕಿದರೆ ತೆಗೆದುಕೊಳ್ಳಿ. ಮಲ್ಪೆಯ ದಕ್ಷಿಣಕ್ಕಿರುವ ಮಟ್ಟು ಊರಿನ ಬದನೆ ಅದು. ಒಣಮೀನು ಕೊಂಡವರು ಮೂರು ಸುತ್ತು ಕಟ್ಟಿ, ರಾತ್ರಿ ಬಸ್ಸಿನಲ್ಲಿ ಬೇರೆಯವರೂ ಇರುತ್ತಾರೆ.

ಮಧ್ಯಾಹ್ನ ನಿದ್ದೆ ಮಾಡಿ, ಬಿಸಿಲಿನಲ್ಲಿ ಅಲೆಯಬೇಡಿ. ಸಂಜೆ ಐದೂವರೆಗೆ ಮತ್ತೆ ದಂಡೆಗೆ. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸೂರ್ಯ ನೀರಿನಲ್ಲೇ ಮುಳುಗುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಆರು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ. ಕೆಳಗಿನ ಅಂಚು ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗಲು ಎರಡು ನಿಮಿಷ ಚಿಲ್ಲರೆ. ಲೆಕ್ಕದ ಪ್ರಕಾರ ಅಂಚು ತಾಗುವ ಹೊತ್ತಿಗೇ ಸೂರ್ಯ ಹೆಚ್ಚುಕಡಿಮೆ ಪೂರ್ತಿ ದಿಗಂತದ ಕೆಳಗೆ ಹೋಗಿರುತ್ತಾನೆ! ನೀರಿನ ಲೋಟದಲ್ಲಿ ಚಮಚ ಮುರಿದಂತೆ ಕಾಣುವುದಿಲ್ಲವೇ, ಹಾಗೆ ಗಾಳಿ ಬೆಳಕನ್ನು ಬಗ್ಗಿಸಿ ಅವನನ್ನು ನಮಗೆ ಎತ್ತಿ ತೋರಿಸುತ್ತಿರುತ್ತದೆ. ಬೆಳಕು ಪ್ರಖರವಾಗಿರುವ ತನಕ ನೇರ ನೋಡಬೇಡಿ, ಕೆಂಪಾಗಿ ಮಂಕಾದ ಮೇಲೆ ಸಾಕು.

ಕೊನೆಗೆ ಒಂದು ಆಟ. ಮಕ್ಕಳು ಮರಳಿನ ಮೇಲೆ ಬೋರಲು ಮಲಗಿ, ಗಲ್ಲ ಊರಿ ನೋಡಿ. ಸೂರ್ಯನ ಕೊನೆಯ ಚೂರು ಮರೆಯಾದ ಕೂಡಲೇ ಚಂಗನೆ ಎದ್ದು ನಿಲ್ಲಿ. ಎತ್ತರಕ್ಕೆ ಹೋದಷ್ಟೂ ದಿಗಂತ ದೂರ ಸರಿಯುವುದರಿಂದ ಆ ಚೂರು ಮತ್ತೆ ಕಾಣುತ್ತದೆ, ನಾಲ್ಕೈದು ಸೆಕೆಂಡು. ಅಷ್ಟರಲ್ಲಿ ಅಪ್ಪ ಹೆಗಲ ಮೇಲೆ ಎತ್ತಿಕೊಂಡರೆ ಇನ್ನೂ ಒಂದೆರಡು ಸೆಕೆಂಡು ಸಿಕ್ಕೀತು. ದಿಗಂತದಲ್ಲಿ ಮೋಡ ಕಟ್ಟಿದ್ದರೆ ಈ ಆಟ ನಡೆಯುವುದಿಲ್ಲ. ಆಗ ಕಾಲಿಗೆ ಪೌಡರ್ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹೊರಡಿ.