ನಾನು ಯಾರು? ಇಲ್ಲಿಗೇಕೆ ಬಂದೆ?

ಮೇಲಿನ ಎರಡು ಪ್ರಶ್ನೆಗಳನ್ನು ನಮ್ಮ ನಾಡಿನ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ್ದರೆ ಜನ ವೇದಾಂತವೆಂದು ತಲೆದೂಗುತ್ತಿದ್ದರು. 1992ರ ಅಕ್ಟೋಬರ್ 13ರಂದು ಅಮೆರಿಕದ ಅಟ್ಲಾಂಟಾ ನಗರದಲ್ಲಿ ಅವನ್ನು ಕೇಳಿದಾಗ ಜನ ನಕ್ಕರು. ಕೇಳಿದವರು ನೌಕಾದಳದ ನಿವೃತ್ತ ವೈಸ್ ಅಡ್ಮಿರಲ್ ಜೇಮ್ಸ್ ಸ್ಟಾಕ್‌ಡೇಲ್. ಉಪಾಧ್ಯಕ್ಷ ಪದವಿಯ ಮೂವರು ಉಮೇದುವಾರರ ಚರ್ಚೆ ಅದು. ಆ ಚರ್ಚೆಯ ಮುದ್ರಿಕೆಯನ್ನು ಈಚೆಗೆ ನೋಡಿದ ನನಗೆ ನಗು ಬರಲಿಲ್ಲ.

ಉಪಾಧ್ಯಕ್ಷನಾಗುವವನ ಮಾತಿಗೆ ಇಷ್ಟೊಂದು ಬೆಲೆಯೇಕೆ ಎಂದು ವಾಚಕರು ಕೇಳಬಹುದು. ನಮ್ಮ ಉಪರಾಷ್ಟ್ರಪತಿಗಳನ್ನು ಸಂಸತ್ತಿನ ಸದಸ್ಯರು ಆರಿಸುತ್ತಾರೆ. ರಾಷ್ಟ್ರಪತಿಗಳ ಸ್ಥಾನ ತೆರವಾದರೆ ಹೊಸ ಚುನಾವಣೆಯವರೆಗೆ ಮಾತ್ರ ಅವರು ಅದನ್ನು ನಿರ್ವಹಿಸುತ್ತಾರೆ. ಅಲ್ಲಿ ಹಾಗಲ್ಲ. ಅಧ್ಯಕ್ಷ ಸತ್ತರೆ ಉಳಿದ ಅವಧಿಯೆಲ್ಲ ಉಪಾಧ್ಯಕ್ಷನದೇ. 1945ರಲ್ಲಿ ರೂಸ್‌ವೆಲ್ಟರು ತೀರಿಕೊಂಡಾಗ ಟ್ರೂಮನ್ನರ ಕೈಗೆ ರಾಜ್ಯದೊಡನೆ ಅಣುಬಾಂಬೂ ಬಂತು. ಆದ್ದರಿಂದ ಇಂಥವರನ್ನು ಮತದಾರರ ಮುಂದೆ ನಿಲ್ಲಿಸಿ ಮಾತಾಡಿಸುವುದು ಸರಿಯೇ.

ಆ ರಾತ್ರಿ ಸ್ಟಾಕ್‌ಡೇಲರ ಎದುರಿಗಿದ್ದವರು ಆಗಿನ ಉಪಾಧ್ಯಕ್ಷ ಡಾನ್ ಕ್ವೇಲ್ ಮತ್ತು ಸೆನೆಟರ್ ಆಲ್ ಗೋರ್. ಇಬ್ಬರೂ ಪಳಗಿದ ರಾಜಕಾರಣಿಗಳು. ಒಬ್ಬರ ಮಾತನ್ನು ಇನ್ನೊಬ್ಬರು ಕಡಿದು ಹಾಕುತ್ತಿದ್ದರು. ಪಿಂಗ್‌ಪಾಂಗ್ ಆಟ ನೋಡುತ್ತ ನಿಂತವನಂತಾಗಿದೆ ನನ್ನ ಸ್ಥಿತಿ ಎಂದರು ಮುದುಕರು. ಒಂದು ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿರೆಂದರು. ಕಿವಿಯ ಯಂತ್ರವನ್ನು ಚಾಲೂ ಮಾಡಿರಲಿಲ್ಲ. ಇನ್ನೊಂದು ವಿಷಯ ಬಂದಾಗ, ತಮ್ಮ ಮದ್ದುಗುಂಡು ಮುಗಿಯಿತೆಂದು ಒಪ್ಪಿಕೊಂಡು ಸುಮ್ಮನಾದರು. ತಿಳಿಯದುದನ್ನು ತಿಳಿಯದೆಂದು ಹೇಳುವ ರಾಜಕಾರಣಿಯನ್ನು ನಾನಂತೂ ಬೇರೆಲ್ಲಿಯೂ ಕಂಡಿಲ್ಲ. ಆಮೇಲೆ ದೂರದರ್ಶನದ ವಿದೂಷಕರು ಅವರನ್ನು ಅಣಕಿಸಿದರು.

ನಕ್ಕವರು ಯಾರನ್ನು ನೋಡಿ ನಕ್ಕರು? 1965ರ ಸೆಪ್ಟೆಂಬರಿನಲ್ಲಿ ಉತ್ತರ ವಿಯೆಟ್ನಾಮಿನ ಮೇಲೆ ಈತನ ವಿಮಾನವನ್ನು ಹೊಡೆದುರುಳಿಸಿದರು. ಆ ಯುದ್ಧ ನನ್ನ ಮಟ್ಟಿಗೆ ಅನ್ಯಾಯದ ಯುದ್ಧವೇ. ಅದು ಬೇರೆ ಮಾತು. ಪ್ಯಾರಾಚೂಟಿನಲ್ಲಿ ಇಳಿಯುತ್ತಿರುವಾಗ, ಗುಲಾಮನಾಗಿದ್ದ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಟೀಟಸನ ಲೋಕಕ್ಕೆ ಇನ್ನು ನಾನು ಸೇರಿದೆನೆಂದು ತಮಗೆ ತಾವೇ ಹೇಳಿಕೊಂಡರಂತೆ. ಏಳು ವರ್ಷಕ್ಕೂ ಮಿಕ್ಕಿದ ಸೆರೆವಾಸ. ಅದರಲ್ಲಿ ನಾಲ್ಕು ವರ್ಷ ಒಂಟಿ ಕೋಣೆ. ಪ್ರಚಾರದ ಚಲನಚಿತ್ರದಲ್ಲಿ ತಮ್ಮನ್ನು ತೋರಿಸಲು ಹೊರಟಾಗ ತಲೆಯನ್ನು ಕ್ಷೌರದ ಕತ್ತಿಯಿಂದ ಕೊಯ್ದುಕೊಂಡರು, ಮುಖವನ್ನು ಸ್ಟೂಲಿನಿಂದ ಜಜ್ಜಿಕೊಂಡರು. ಕ್ಯಾಮೆರಾಕ್ಕೆ ಸಿಗಬಾರದೆಂದು ತನ್ನ ಮುಖವನ್ನೇ ಕೆಡಿಸಿಕೊಂಡ ಮನುಷ್ಯನನ್ನು ಕೋಟ್ಯಂತರ ಜನ ಕ್ಯಾಮೆರಾದ ಮೂಲಕ ನೋಡಿ ದಡ್ಡನೆಂದರು.

ಧೈರ್ಯವಂತನೆಂದ ಮಾತ್ರಕ್ಕೆ ರಾಜ್ಯವಾಳಬಲ್ಲನೇ ಎಂದರೆ, ಇಲ್ಲ, ಆ ಆಕ್ಷೇಪ ನ್ಯಾಯವಾದುದೇ. ಆದರೆ ಅದಕ್ಕೆ ಉತ್ತರ ಹೇಳಬೇಕಾದವರು ರಾಸ್ ಪೆರೋ. ಮತಪತ್ರದಲ್ಲಿ ಒಂದು ಹೆಸರು ಬೇಕೆಂದು ತಾತ್ಕಾಲಿಕವಾಗಿ ಸ್ನೇಹಿತನ ಹೆಸರು ಕೊಟ್ಟರು. ಜುಲೈಯಲ್ಲಿ ತಾವೇ ಕಣದಿಂದ ಸರಿದರು, ಅಕ್ಟೋಬರಿನಲ್ಲಿ ಮರಳಿದರು, ಆ ಹೆಸರು ಹಾಗೆಯೇ ಉಳಿಯಿತು. ಚರ್ಚೆಗೆ ಕೆಲವೇ ದಿನಗಳಿದ್ದಾಗ ಮುದುಕರಿಗೆ ಸುದ್ದಿ ತಿಳಿಯಿತು. ಹೀಗಿರುವಾಗ "ಇಲ್ಲಿಗೇಕೆ ಬಂದೆ" ಎಂಬುದಕ್ಕಿಂತ ಸಮಂಜಸವಾದ ಪ್ರಶ್ನೆ ಆ ರಾತ್ರಿ ಇನ್ನಾವುದಿತ್ತು! ಪೆರೋ ಅವರಿಗೆ ನೂರಕ್ಕೆ ಸುಮಾರು 19ರಷ್ಟು ಮತ ಬಿತ್ತು, ಗೋರ್ ಉಪಾಧ್ಯಕ್ಷರಾದರು. ಸ್ಟಾಕ್‌ಡೇಲ್ 2005ರಲ್ಲಿ ತೀರಿಕೊಂಡರು.

ಕಡೆಗೆ ನಮ್ಮ ಕಾಲೇಜಿನ ಚರ್ಚಾಕೂಟದ ಕಾರ್ಯದರ್ಶಿಗಳಲ್ಲಿ ಒಂದು ಅರಿಕೆ. ನಮ್ಮ ತೀರ್ಪುಗಾರರ ಪಟ್ಟಿಯಲ್ಲಿ ಉಚ್ಚಾರಣೆಗೆ, ಹಾವಭಾವಕ್ಕೆ, ಖಂಡನೆಗೆ ಅಂಕಗಳಿವೆ. ಗಂಟೆ ಬಾರಿಸುವ ಮುಂಚೆಯೇ "ಇದು ನನಗೆ ತಿಳಿಯದು" ಎಂದು ಹೇಳಿ ಕೂರುವವನಿಗೂ ಬರುವ ವರ್ಷದಿಂದ ಐದು ಅಂಕ ಇಡಬಾರದೇ?